ಬಜ್ಪೆಯೋ, ಕಣ್ಣೂರೋ, ಬೆಂಗಳೂರೋ?

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಒಂದಲ್ಲ ಒಂದು ದಿನ ಎದ್ದಿರಬಹುದು. ಪತಿಯೋ, ಮಗನೋ, ಸಹೋದರನೋ ಗಲ್ಫ್‌ನಲ್ಲಿದ್ದಾರೆ. ವಿಸಿಟ್ ವೀಸಾ ಕೈ ಸೇರಿದೆ. ಇನ್ನು ಯಾವ ನಿಲ್ದಾಣದಿಂದ, ಯಾವ ವಿಮಾನದಲ್ಲಿ ಹೋಗುವುದು? ಟ್ರಾವೆಲ್ಸ್‌ನವರು ಒಂದು ದರ ಹೇಳುತ್ತಾರೆ. ನೆರೆಮನೆಯವರು "ಕಣ್ಣೂರಿನಿಂದ ಹೋಗಿ, ಕಡಿಮೆಯಾಗುತ್ತದೆ" ಎನ್ನುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕಿದ ಇನ್ನೊಬ್ಬರು "ಬೆಂಗಳೂರಿನಿಂದ ದೊಡ್ಡ ವಿಮಾನದಲ್ಲೇ ಹೋಗಬೇಕು" ಎಂದು ಒತ್ತಾಯಿಸುತ್ತಾರೆ. ಎರಡು ಪ್ರಯಾಣಗಳಲ್ಲಿ ಈ ಮೂರೂ ನಿಲ್ದಾಣಗಳನ್ನು ನೋಡಿ ಬಂದವಳು ನಾನು. ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ತಮ್ಮ ಶಾರ್ಜಾದಲ್ಲಿದ್ದಾನೆ. ಉಮ್ಮನನ್ನು ಒಮ್ಮೆ ಕರೆಸಿಕೊಳ್ಳಬೇಕೆಂಬುದು ಅವನ ಬಹುಕಾಲದ ಆಸೆ. ಉಮ್ಮನಿಗೂ ಮೊಮ್ಮಕ್ಕಳನ್ನು ಕಾಣುವ ಹಂಬಲ ಇತ್ತು. ಆದರೆ ಅವರದೊಂದು ಹಠ. "ಆ ಗುಡ್ಡದ ಮೇಲಿನಿಂದ ನಾನು ಹತ್ತುವುದೂ ಇಲ್ಲ, ಅಲ್ಲಿ ಇಳಿಯುವುದೂ ಇಲ್ಲ."

ಆ ಗುಡ್ಡವೆಂದರೆ ಬಜ್ಪೆ. 2010ರ ಮೇ 22ರ ಮುಂಜಾನೆಯನ್ನು ಕರಾವಳಿಯಲ್ಲಿ ಯಾರು ಮರೆತಿದ್ದಾರೆ? ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮೃತಪಟ್ಟರು, ಎಂಟು ಮಂದಿ ಮಾತ್ರ ಬದುಕಿ ಬಂದರು. ಅಂದು ನಮ್ಮ ಊರಿನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಮಯ್ಯಿತ್ತಿನ ಮನೆಗಳಿಗೆ ಹೋಗಿ ಬಂದ ಉಮ್ಮ ಆ ದಿನವೇ ಬಜ್ಪೆಯ ಹೆಸರಿಗೆ ಬಾಗಿಲು ಹಾಕಿಬಿಟ್ಟರು.

ಹಾಗಾಗಿ 2022ರ ಈದುಲ್ ಫಿತ್ರ್ ಕಳೆದು ನಾವು ಹೊರಟಾಗ ಕಣ್ಣೂರನ್ನೇ ಆರಿಸಿಕೊಂಡೆವು. ಉಮ್ಮ, ನಾನು, ಆಗ ಪಿಯುಸಿ ಓದುತ್ತಿದ್ದ ನನ್ನ ಮಗ, ಹೀಗೆ ಮೂವರು. ಟಿಕೆಟ್ಟೂ ಬಜ್ಪೆಗಿಂತ ಒಬ್ಬರಿಗೆ ಎರಡೂವರೆ ಸಾವಿರ ರೂಪಾಯಿ ಕಡಿಮೆ ಇತ್ತು. ಮೂವರಿಗೆ ಏಳೂವರೆ ಸಾವಿರ ಉಳಿಯಿತೆಂದು ನಾನು ಲೆಕ್ಕ ಹಾಕಿ ಸಂತೋಷಪಟ್ಟೆ.

ಆ ಲೆಕ್ಕ ಪೂರ್ತಿ ಸರಿಯಲ್ಲವೆಂದು ದಾರಿಯಲ್ಲಿ ತಿಳಿಯಿತು. ವಿಟ್ಲದ ಬಳಿಯ ನಮ್ಮ ಮನೆಯಿಂದ ಬಜ್ಪೆಗೆ ಟ್ಯಾಕ್ಸಿಗೆ ಸಾವಿರದ ಎಂಟುನೂರು ಸಾಕಿತ್ತು. ಕಣ್ಣೂರು ವಿಮಾನ ನಿಲ್ದಾಣಕ್ಕೆ ಐದೂವರೆ ಸಾವಿರವಾಯಿತು. ನಿಲ್ದಾಣಕ್ಕೆ ಕಣ್ಣೂರಿನ ಹೆಸರಿದ್ದರೂ ಅದು ಇರುವುದು ಪೇಟೆಯಿಂದ ಸುಮಾರು 25 ಕಿಲೋಮೀಟರ್ ಒಳಗೆ, ಮಟ್ಟನ್ನೂರಿನಲ್ಲಿ. ಕಾಸರಗೋಡಿನ ಉದ್ದಕ್ಕೂ ಹೆದ್ದಾರಿ ಅಗಲಗೊಳಿಸುವ ಕೆಲಸ ನಡೆದಿತ್ತು. ಧೂಳು, ತಿರುವು, ನಿಂತು ನಿಂತು ಸಾಗುವ ಲಾರಿಗಳು. ನಾಲ್ಕೂವರೆ ಗಂಟೆಯ ದಾರಿಯಲ್ಲಿ ಉಮ್ಮನ ಮಂಡಿ ಬಿಗಿದು ಹೋಯಿತು, ಎರಡು ಸಲ ವಾಂತಿಯಾಯಿತು. ದಾರಿಯ ಊಟ, ಚಹಾ ಸೇರಿ ಉಳಿತಾಯ ಮೂರು ಸಾವಿರದ ಆಸುಪಾಸಿಗೆ ಇಳಿಯಿತು. ವಿಮಾನದಲ್ಲಿ ಕೂರುವುದು ಮೂರೂವರೆ ಗಂಟೆ. ಅದಕ್ಕಿಂತ ಹೆಚ್ಚು ಹೊತ್ತು ನಾವು ಕಾರಿನಲ್ಲಿ ಕುಳಿತಿದ್ದೆವು!

ಆದರೂ ಕಣ್ಣೂರಿನ ನಿಲ್ದಾಣ ಚೆನ್ನಾಗಿದೆ ಎನ್ನಲೇಬೇಕು. 2018ರ ಡಿಸೆಂಬರ್ 9ರಂದು ಉದ್ಘಾಟನೆಯಾದ ನಿಲ್ದಾಣ ಅದು. ವಿಶಾಲವಾದ ಕಟ್ಟಡ, ಕಡಿಮೆ ಜನ, ಅವಸರವಿಲ್ಲ. ಗಾಲಿಕುರ್ಚಿ ತಳ್ಳಿಕೊಂಡು ಬಂದ ಹುಡುಗ ಉಮ್ಮನೊಂದಿಗೆ ಮಲಯಾಳದಲ್ಲಿ ಮಾತನಾಡುತ್ತಾ ಎಮಿಗ್ರೇಶನ್ ದಾಟಿಸಿದ. ಕಾಸರಗೋಡಿನ ಆಚೆಯವರಿಗೆ ಈ ನಿಲ್ದಾಣ ವರದಾನವೇ ಸರಿ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯವರು ಮಾತ್ರ ಎರಡು ಬಾರಿ ಯೋಚಿಸಬೇಕು.

ಅಲ್ಲಿ ಕಾಯುತ್ತಿದ್ದಾಗ ನನ್ನ ಮಗ ಕಿವಿಯಲ್ಲಿ ಮೆಲ್ಲಗೆ ಹೇಳಿದ, "ಉಮ್ಮಾ, ಇದೂ ಗುಡ್ಡ ಸಮತಟ್ಟು ಮಾಡಿ ಕಟ್ಟಿದ ರನ್‌ವೇಯೇ." ನಾನು ಅವನ ಬಾಯಿ ಮುಚ್ಚಿಸಿದೆ! ಆದರೆ ಅವನು ಹೇಳಿದ್ದು ನಿಜ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಗುಡ್ಡ ಬಿಟ್ಟರೆ ಬಯಲಾದರೂ ಎಲ್ಲಿದೆ? ಬಜ್ಪೆಯ ದೊಡ್ಡ ರನ್‌ವೇ 2,450 ಮೀಟರ್ ಉದ್ದ, ಕಣ್ಣೂರಿನದು 3,050 ಮೀಟರ್. ಉದ್ದದಲ್ಲಿ ವ್ಯತ್ಯಾಸವಿದೆ, ಗುಡ್ಡ ಎರಡೂ ಕಡೆ ಇದೆ. ಕೋಯಿಕ್ಕೋಡಿನ ಕರಿಪ್ಪೂರು ಕೂಡ ಹಾಗೆಯೇ. 2020ರ ಆಗಸ್ಟ್ 7ರಂದು ಮಳೆಯ ರಾತ್ರಿ ಅಲ್ಲಿ ನಡೆದ ದುರಂತದಲ್ಲಿ 21 ಮಂದಿ ಮೃತಪಟ್ಟರು. ಉಮ್ಮ ಭಯದಿಂದ ಓಡಿ ಬಂದದ್ದು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ.

ಶಾರ್ಜಾ ನಿಲ್ದಾಣದ ಬಗ್ಗೆ ಎರಡು ಮಾತು. ದುಬೈಗೆ ಹೋಲಿಸಿದರೆ ಚಿಕ್ಕದು. ವಯಸ್ಸಾದವರಿಗೆ ಅದೇ ಅನುಕೂಲ. ಇಳಿದು, ಕಣ್ಣು ಪರೀಕ್ಷೆ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಹೊರಬರಲು ಹೆಚ್ಚು ನಡೆಯಬೇಕಾಗಲಿಲ್ಲ. ಆ ಊರಿನ ವಿಮಾನದ ಕಥೆ 1932ರಷ್ಟು ಹಳೆಯದು. ಬ್ರಿಟನ್ನಿನಿಂದ ಭಾರತದ ಕಡೆಗೆ ಬರುವ ವಿಮಾನಗಳು ತಂಗಲೆಂದು ಆಗಲೇ ಅಲ್ಲಿ ನಿಲ್ದಾಣ ಕಟ್ಟಿದ್ದರು. ಅದೀಗ ಅಲ್ ಮಹತ್ತಾ ಎಂಬ ವಸ್ತುಸಂಗ್ರಹಾಲಯ. ಹಳೆಯ ರನ್‌ವೇ ಇಂದು ನಗರದ ನಡುವಿನ ಒಂದು ರಸ್ತೆ. ತಮ್ಮ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಉಮ್ಮ ಹಳೆಯ ಸಣ್ಣ ವಿಮಾನಗಳನ್ನು ನೋಡಿ, "ನಿನ್ನ ಉಪ್ಪನ ಕಾಲದಲ್ಲಿ ಮುಂಬೈಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ದಿನಗಟ್ಟಲೆ ಕಾದು ವಿಮಾನ ಹತ್ತಬೇಕಿತ್ತು" ಎಂದರು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕಿಂತ ಮುಂಚಿನ ಆ ಕಷ್ಟ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಹತ್ತು ದಿನ ಕಳೆದು ಮರಳುವಾಗ ಪರೀಕ್ಷೆ ಎದುರಾಯಿತು. ನಮಗೆ ಬೇಕಾದ ದಿನ ಕಣ್ಣೂರಿಗೆ ಸೀಟು ಸಿಗಲಿಲ್ಲ. ದುಬೈಯಿಂದ ಮಂಗಳೂರಿಗೆ ಮಾತ್ರ ಇತ್ತು. ಅದೇ ದಾರಿ, ಅದೇ ಗುಡ್ಡ. ಉಮ್ಮ ಇಡೀ ದಿನ ಮಾತನಾಡಲಿಲ್ಲ. ರಾತ್ರಿ ತಮ್ಮ ಅವರ ಬಳಿ ಕುಳಿತು, ಆ ದುರಂತದ ತನಿಖಾ ವರದಿಯಲ್ಲಿದ್ದುದನ್ನು ಸರಳವಾಗಿ ವಿವರಿಸಿದ. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿರಲಿಲ್ಲ. ಮತ್ತೆ ಮೇಲೇರಬೇಕೆಂದು ಸಹ ಪೈಲಟ್ ಎಚ್ಚರಿಸಿದರೂ ಮುಖ್ಯ ಪೈಲಟ್ ಇಳಿಸುವುದನ್ನು ಕೈಬಿಡಲಿಲ್ಲ. "ಉಮ್ಮಾ, ಗುಡ್ಡ ಯಾರನ್ನೂ ಕೊಲ್ಲಲಿಲ್ಲ. ಒಂದು ತಪ್ಪು ತೀರ್ಮಾನವಾಯಿತು. ಗುಡ್ಡ ಆದದ್ದರಿಂದ ಆ ತಪ್ಪಿಗೆ ಕ್ಷಮೆ ಸಿಗಲಿಲ್ಲ" ಎಂದ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾಳೆ ಪೈಲಟನಿಗೋಸ್ಕರ ದುಆ ಮಾಡುತ್ತೇನೆ" ಎಂದರು.

ವಿಮಾನ ಬಜ್ಪೆಯನ್ನು ಸಮೀಪಿಸಿದಾಗ ಕಿಟಕಿಯಲ್ಲಿ ಮೊದಲು ಸಮುದ್ರ, ನಂತರ ತೆಂಗಿನ ತೋಟ, ಕೆಂಪು ಹಂಚಿನ ಮನೆಗಳು ಕಂಡವು. ಉಮ್ಮನ ಒಂದು ಕೈ ತಸ್ಬೀಹ್‌ನಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಗಾಲಿ ನೆಲಕ್ಕೆ ತಾಗಿ ವಿಮಾನ ಒಮ್ಮೆ ಜಗ್ಗಿ ನಿಧಾನವಾಯಿತು. ಉಮ್ಮ "ಅಲ್‌ಹಮ್ದುಲಿಲ್ಲಾಹ್" ಎಂದರು. ಆದರೆ ಅವರ ಕಣ್ಣಲ್ಲಿ ನೀರು. ಹೊರಗೆ ಕಾಯುತ್ತಿದ್ದ ಜನರನ್ನು ನೋಡಿ, "ಆ ದಿನವೂ ಇಲ್ಲಿ ಹೀಗೆಯೇ ಕಾದು ನಿಂತಿದ್ದರಲ್ಲ ಮಗಳೇ" ಎಂದರು. ಒಂದು ಗಂಟೆ ಕಳೆಯುವಷ್ಟರಲ್ಲಿ ನಾವು ಮನೆಯ ಹಾದಿಯಲ್ಲಿದ್ದೆವು. ಮಂಡಿ ನೋವಿನ ಮಾತೇ ಬರಲಿಲ್ಲ.

ಬೆಂಗಳೂರಿನ ಅನುಭವ 2024ರ ದಸರಾ ರಜೆಯದ್ದು. ಮಗ ಅಲ್ಲಿ ಕಾಲೇಜು ಸೇರಿದ್ದರಿಂದ ಅವನನ್ನು ಕೂಡಿಕೊಂಡು ಅಲ್ಲಿಂದಲೇ ಎಮಿರೇಟ್ಸ್ ವಿಮಾನದಲ್ಲಿ ಹೊರಟೆ. ಉಮ್ಮ ಬರಲಿಲ್ಲ. ದೇವನಹಳ್ಳಿಯ ಎರಡನೇ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು, ಅಂತಾರಾಷ್ಟ್ರೀಯ ವಿಮಾನಗಳು ಅಲ್ಲಿಗೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಬಿದಿರಿನ ಛಾವಣಿ, ತೂಗುವ ಹಸಿರು ಬಳ್ಳಿಗಳು, ನೋಡಲು ಉದ್ಯಾನವೇ. ವಿಮಾನವೂ ದೊಡ್ಡದು, ಕಾಲು ಚಾಚಲು ಜಾಗ, ಟಿಕೆಟ್ಟಿನಲ್ಲೇ ಸೇರಿದ ಹಲಾಲ್ ಊಟ, ಎದುರಿನ ಪರದೆಯಲ್ಲಿ ದಾರಿಯ ನಕ್ಷೆ. ಆದರೆ ಅಲ್ಲಿಗೆ ತಲುಪಲು ಊರಿನಿಂದ ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ಸು, ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು, ಮತ್ತೆ ಮೂರು ಗಂಟೆ ಮೊದಲೇ ಹಾಜರು. ದುಬೈಯ ಮೂರನೇ ಟರ್ಮಿನಲ್ಲಿನಲ್ಲಿ ಇಳಿದ ಮೇಲೂ ನಡೆದಷ್ಟೂ ಮುಗಿಯದ ದಾರಿ. ನಾಲ್ಕು ಗಂಟೆಯ ಹಾರಾಟಕ್ಕೆ ಮನೆಯಿಂದ ಮನೆಗೆ ಇಪ್ಪತ್ತು ಗಂಟೆ ಕಳೆದಿತ್ತು. ಉಮ್ಮ ಬಂದಿದ್ದರೆ ಏನಾಗುತ್ತಿತ್ತೋ ಎಂದುಕೊಂಡೆ.

ಮಂಗಳೂರು ಮತ್ತು ಕಣ್ಣೂರಿನಿಂದ ನಮಗೆ ಸಿಗುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್, ಇಂಡಿಗೋದಂತಹ ನಮ್ಮ ದೇಶದ ಕಂಪೆನಿಗಳ ವಿಮಾನಗಳು. ವಿದೇಶಿ ಕಂಪೆನಿಗಳಿಗೆ ಎಲ್ಲ ಊರಿಗೂ ಹಾರಲು ಅನುಮತಿ ಇರುವುದಿಲ್ಲ. ಎರಡು ದೇಶಗಳ ನಡುವಿನ ಒಪ್ಪಂದದಲ್ಲಿ ಹೆಸರಿರುವ ಊರುಗಳಿಗೆ ಮಾತ್ರ ಅವು ಬರುತ್ತವೆ. ಆದ್ದರಿಂದ ಎಮಿರೇಟ್ಸ್, ಏರ್ ಅರೇಬಿಯಾದಂತಹವು ಬೇಕೆಂದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕು. ಕಡಿಮೆ ದರದ ವಿಮಾನದಲ್ಲಿ ಊಟಕ್ಕೆ, ಇಷ್ಟದ ಸೀಟಿಗೆ, ಹೆಚ್ಚಿನ ತೂಕಕ್ಕೆ ಬೇರೆ ಹಣ. ಮೂರೂವರೆ ಗಂಟೆಗೆ ಮನೆಯ ಪತಿರ್ ಕಟ್ಟಿಕೊಂಡು ಹೋದರೆ ಸಾಕು. ಅಷ್ಟಕ್ಕೆ ದೊಡ್ಡ ವಿಮಾನದ ಆಡಂಬರ ಅನಿವಾರ್ಯವೇನಲ್ಲ. ಆದರೆ ಸಣ್ಣ ನಿಲ್ದಾಣದ ಒಂದು ಕೊರತೆ ನೆನಪಿರಲಿ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪೆನಿ ಹಾರಾಟ ನಿಲ್ಲಿಸಿದಾಗ ಕಣ್ಣೂರಿನ ಪ್ರಯಾಣಿಕರಿಗೆ ಆಯ್ಕೆಗಳೇ ಕಡಿಮೆಯಾದವು. ಮಳೆಗಾಲದಲ್ಲಿ ಮೋಡ ಕವಿದರೆ ಬಜ್ಪೆಗೆ ಬರುವ ವಿಮಾನವನ್ನು ಬೇರೆ ಊರಿಗೆ ಕಳುಹಿಸುವುದೂ ಉಂಟು. ಮದುವೆ, ಪರೀಕ್ಷೆಯ ಹಿಂದಿನ ದಿನಕ್ಕೆ ಟಿಕೆಟ್ ಮಾಡಬೇಡಿ.

ಇನ್ನು ಪೆಟ್ಟಿಗೆಯ ವಿಷಯ. ಇದು ನಮ್ಮ ಹೆಂಗಸರ ಇಲಾಖೆ! ಮೊದಲ ಪ್ರಯಾಣದಲ್ಲಿ ನಾನು ಕಟ್ಟಿದ ಒಣ ಕೊಬ್ಬರಿಯನ್ನು ನಿಲ್ದಾಣದಲ್ಲಿ ಹೊರತೆಗೆಸಿದರು. ಅದರ ಎಣ್ಣೆಯಂಶದಿಂದ ಬೆಂಕಿ ಹೊತ್ತಿಕೊಳ್ಳಬಹುದೆಂದು ಅದನ್ನು ಬಿಡುವುದಿಲ್ಲ. ಅದಕ್ಕಿಂತ ಗಂಭೀರವಾದುದು ಗಸಗಸೆ. ಯುಎಇಯಲ್ಲಿ ಅದು ಮಾದಕ ವಸ್ತುಗಳ ಸಾಲಿನಲ್ಲಿ ನಿಷಿದ್ಧ. ಪಾಯಸಕ್ಕೆಂದು ಒಂದು ಚಮಚವನ್ನೂ ಒಯ್ಯಬೇಡಿ. ನಾದಿನಿ ಮೊದಲೇ ಫೋನ್ ಮಾಡಿ ಎಚ್ಚರಿಸಿದ್ದರಿಂದ ನಾವು ಪಾರಾದೆವು. ಯಾರೋ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯುವುದು ಅಪಾಯ, ಸ್ವಂತ ಸಂಬಂಧಿಕರದಾದರೂ ಸರಿ. ಕೆಲವು ನೋವಿನ ಮಾತ್ರೆಗಳಿಗೆ, ಕೆಮ್ಮಿನ ಔಷಧಿಗಳಿಗೆ ಅಲ್ಲಿ ಮುಂಗಡ ಅನುಮತಿ ಬೇಕು. ವೈದ್ಯರ ಚೀಟಿ ಜೊತೆಗಿರಲಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಬರುವಾಗ ಕಂಬಳಿಯನ್ನು ಉರುಟಾಗಿ ಹಗ್ಗದಲ್ಲಿ ಬಿಗಿಯುವ ನಮ್ಮ ಹಳೆಯ ರೂಢಿಯೂ ನಡೆಯದು. ಒಂದು ಬದಿಯಾದರೂ ಚಪ್ಪಟೆಯಿಲ್ಲದ ಗಂಟನ್ನು 2017ರಿಂದ ದುಬೈಯಲ್ಲಿ ಸ್ವೀಕರಿಸುವುದಿಲ್ಲ.

ನಮಾಝಿನ ಬಗ್ಗೆ ಹಲವು ಸಹೋದರಿಯರು ಕೇಳುತ್ತಾರೆ. ಮನೆಯಿಂದಲೇ ವುಝೂ ಮಾಡಿ ಹೊರಡಿ. ಪ್ರಯಾಣಿಕರಿಗೆ ಜಮ್ಅ್ ಮತ್ತು ಕಸ್ರ್‌ನ ರಿಯಾಯಿತಿ ಇರುವುದರಿಂದ ಗಾಬರಿ ಬೇಡ. ಒಂದು ಸೂಕ್ಷ್ಮ ಗಮನಿಸಿ: ಸಂಜೆ ನಾವು ಪಶ್ಚಿಮಕ್ಕೆ ಹಾರುವಾಗ ಸೂರ್ಯನ ಹಿಂದೆಯೇ ಹೋಗುತ್ತಿರುತ್ತೇವೆ. ಊರಿನ ಸಮಯಕ್ಕೆ ಮಗ್ರಿಬ್ ಆಗಿದ್ದರೂ ಕಿಟಕಿಯಲ್ಲಿ ಸೂರ್ಯ ಮುಳುಗಿರುವುದಿಲ್ಲ. ಉಪವಾಸವಿದ್ದರೆ ಕೈಗಡಿಯಾರವನ್ನಲ್ಲ, ಕಿಟಕಿಯನ್ನು ನೋಡಿ.

ಹಾಗಾದರೆ ಯಾವುದು ಒಳ್ಳೆಯದು? ಓದುಗರೇ, ಟಿಕೆಟ್‌ನ ದರವೊಂದನ್ನೇ ನೋಡಬೇಡಿ. ಮನೆಯ ಬಾಗಿಲಿನಿಂದ ಅಲ್ಲಿನ ಮನೆಯ ಬಾಗಿಲಿನವರೆಗೆ ಎಷ್ಟು ಹಣ, ಎಷ್ಟು ಗಂಟೆ ಎಂದು ಒಂದು ಕಾಗದದಲ್ಲಿ ಬರೆಯಿರಿ. ಅದರ ಕೆಳಗೆ, ಜೊತೆಯಲ್ಲಿ ಯಾರಿದ್ದಾರೆ ಎಂದು ಬರೆಯಿರಿ. ಒಬ್ಬನೇ ಹೋಗುವ ಯುವಕನಿಗೆ ಕಣ್ಣೂರು ಲಾಭವಾಗಬಹುದು. ಬೆಂಗಳೂರಿನಲ್ಲಿ ಇರುವವರಿಗೆ ಬೆಂಗಳೂರೇ ಸರಿ. ವಯಸ್ಸಾದ ತಾಯಿಯನ್ನೋ ಎಳೆಯ ಕೂಸನ್ನೋ ಕರೆದೊಯ್ಯುವ ನಮ್ಮ ಜಿಲ್ಲೆಯ ಹೆಣ್ಣುಮಗಳಿಗೆ ಎರಡು ಮೂರು ಸಾವಿರ ಹೆಚ್ಚಾದರೂ ಬಜ್ಪೆಯೇ ಲೇಸು. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ.

ಭಯದ ಬಗ್ಗೆಯೂ ಒಂದು ಮಾತು. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಮದ್ರಸದಲ್ಲಿ ನಾನು ಮಕ್ಕಳಿಗೆ ಕಲಿಸುತ್ತೇನೆ. ಬಜ್ಪೆಯ ರನ್‌ವೇಗೆ 2023ರಲ್ಲಿ ಹೊಸ ಡಾಂಬರು ಹೊದಿಕೆಯಾಗಿದೆ. ಕಟ್ಟಬೇಕಾದವರು ಒಂಟೆಯನ್ನು ಕಟ್ಟುತ್ತಿರಲಿ, ನಾವು ಅದನ್ನು ಕೇಳುತ್ತಲೂ ಇರೋಣ. ಕೂಳೂರು ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಆ 158 ಜೀವಗಳ ನೆನಪಿಗೊಂದು ಉದ್ಯಾನವಿದೆ. ಬಜ್ಪೆಯಿಂದ ಹೊರಡುವ ಮೊದಲು ಒಮ್ಮೆ ಅಲ್ಲಿ ನಿಂತು ಅವರಿಗಾಗಿ ದುಆ ಮಾಡಿ.

ಉಮ್ಮನ ಪಾಸ್‌ಪೋರ್ಟ್ ಈಗ ನವೀಕರಣವಾಗಿದೆ. ತಮ್ಮ ಮತ್ತೆ ಕರೆದಿದ್ದಾನೆ. ಮೊನ್ನೆ ಟಿಕೆಟ್ ವಿಷಯ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ಬಜ್ಪೆಯಿಂದ ತಾನೇ?"