ಸಮೇತನಹಳ್ಳಿಯಲ್ಲಿ ಎರಡು ದಿನ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಗೆ ಸೇರಿದ ಸಮೇತನಹಳ್ಳಿಯು ನಮ್ಮ ತಂಗಿಯನ್ನು ಕೊಟ್ಟ ಊರು. ಹಿಂದೆ ಅಲ್ಲಿಗೆ ಹೋಗಿ ಬರಬೇಕಾದರೆ ಒಂದು ಹಗಲನ್ನೇ ಮೀಸಲಿಡಬೇಕಾಗಿದ್ದಿತು. 2023ನೆಯ ಇಸವಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೆ ಬಂದ ಮೇಲೆ ಪ್ರಯಾಣವು ಹಗುರವಾಗಿದೆ. ಕಳೆದ ಪುಷ್ಯಮಾಸದ ಒಂದು ಬೆಳಗ್ಗೆ ವಿಜಯನಗರದಲ್ಲಿ ರೈಲು ಹತ್ತಿದ ನಾವು, ನಗರದ ಉದ್ದಕ್ಕೂ ಸಾಗಿ ಕೊನೆಯ ನಿಲ್ದಾಣದಲ್ಲಿ ಇಳಿದು, ಮೂಡಲಿಗೆ ಹೊರಡುವ ಬಸ್ಸನ್ನು ಹಿಡಿದೆವು.

ದಾರಿಯಲ್ಲಿ ನಮ್ಮ ಕಣ್ಣಿಗೆ ಹೆಚ್ಚಾಗಿ ಬಿದ್ದುದು ಗಿಡಮರಗಳಲ್ಲ, ಜಾಹೀರಾತುಗಳು. “ಮೂವತ್ತು ದಿನಗಳಲ್ಲಿ ಹತ್ತು ಕಿಲೋ ಇಳಿಸುತ್ತೇವೆ” ಎಂಬ ಹಲಗೆಯೊಂದನ್ನು ಓದಿ ನಮಗೆ ನಗುವೂ ಬಂದಿತು, ನಾಚಿಕೆಯೂ ಆಯಿತು. ಏಕೆಂದರೆ ನಾವೂ ಒಮ್ಮೆ ಅಂಥ ಮಾತಿಗೆ ಮರುಳಾದವರೇ. ಪುಡಿಯೊಂದನ್ನು ಕೊಂಡು ತಂದು, ಎರಡು ಹೊತ್ತಿನ ಊಟಕ್ಕೆ ಬದಲಾಗಿ ನೀರಿನಲ್ಲಿ ಕದಡಿ ಕುಡಿದು, ಹತ್ತು ದಿನಗಳಲ್ಲಿ ನಾಲ್ಕು ಕಿಲೋ ಇಳಿದಾಗ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆವು. ನಾಲ್ಕು ತಿಂಗಳು ಕಳೆಯುವುದರೊಳಗೆ ಹೋದ ನಾಲ್ಕು, ಜೊತೆಗೆ ಇನ್ನೆರಡನ್ನು ಕರೆದುಕೊಂಡು ಹಿಂದಿರುಗಿತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಸಮೇತನಹಳ್ಳಿಯು ಈಗ ಅತ್ತ ಹಳ್ಳಿಯೂ ಅಲ್ಲ, ಇತ್ತ ಪಟ್ಟಣವೂ ಅಲ್ಲ. ನೀಲಗಿರಿಯ ತೋಪಿನ ಪಕ್ಕದಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ರಾಗಿಯ ಹೊಲದ ಅಂಚಿಗೆ ಹೊಸ ಬಡಾವಣೆಯ ಕಮಾನು ಎದ್ದಿದೆ. ಆದರೂ ಆ ದಿನ ದಾರಿಯ ಮೇಲೆ ರಾಗಿಯ ತೆನೆಯನ್ನು ಹರಡಿದ್ದರು. ನಮ್ಮ ಬಸ್ಸೇ ಅದರ ಮೇಲೆ ಹಾಯ್ದು ಒಕ್ಕಣೆಯ ಕೆಲಸವನ್ನು ಮಾಡಿತು. ಅಕ್ಕಡಿ ಸಾಲಿನ ಅವರೆಯಲ್ಲಿ ಕಾಯಿ ತುಂಬಿದ್ದಿತು. ಸೊಗಡಿನ ಆ ವಾಸನೆಯೊಂದೇ ಸಾಕು, ಬಯಲುಸೀಮೆಯವನಿಗೆ ಹಸಿವನ್ನು ಹುಟ್ಟಿಸಲು.

ತಂಗಿಯ ಮನೆಯಲ್ಲಿ ಸಂಭ್ರಮಕ್ಕಿಂತ ಕಳವಳವೇ ಹೆಚ್ಚಾಗಿದ್ದಿತು. ಅವಳ ಮಗಳಿಗೆ ಫಾಲ್ಗುಣದಲ್ಲಿ ಮದುವೆ. ಹುಡುಗಿ ವೈಟ್‌ಫೀಲ್ಡಿನ ಕಚೇರಿಯಲ್ಲಿ ದಿನಕ್ಕೆ ಹತ್ತು ಗಂಟೆ ಕುಳಿತು ದುಡಿಯುವವಳು. ತೂಕ ಎಪ್ಪತ್ತೊಂದು ಕಿಲೋ. ಧಾರೆಯ ರವಿಕೆಯನ್ನು ತನ್ನ ಅಳತೆಗಿಂತ ಎರಡು ಅಂಗುಲ ಕಡಮೆಗೇ ಹೊಲಿಯಲು ಕೊಟ್ಟು, ಅದಕ್ಕೆ ಮೈಯನ್ನು ಒಗ್ಗಿಸಹೊರಟಿದ್ದಳು. ಬೆಳಗ್ಗೆ ಸೌತೆಕಾಯಿಯ ರಸ, ಮಧ್ಯಾಹ್ನ ಒಂದು ಹಣ್ಣು, ರಾತ್ರಿ ಬಿಸಿನೀರು. ಮೂರು ವಾರಗಳಲ್ಲಿ ಐದು ಕಿಲೋ ಇಳಿದಳು. ಆ ಬಳಿಕ ಹತ್ತು ದಿನಗಳಿಂದ ತಕ್ಕಡಿಯ ಮುಳ್ಳು ಕದಲದೆ ನಿಂತಿದ್ದಿತು. ನಾವು ಹೋಗುವ ಹಿಂದಿನ ದಿನ ಕಣದಲ್ಲಿ ತಲೆಸುತ್ತಿ ಬಿದ್ದಿದ್ದಳು.

“ಅಣ್ಣಯ್ಯ, ನೀನಾದರೂ ಹೇಳು” ಎಂದಳು ತಂಗಿ. ಹುಡುಗಿ ನಮ್ಮನ್ನು ಕೇಳಿದ್ದು ಬೇರೆಯೇ ಪ್ರಶ್ನೆ: “ಮಾವ, ಇಷ್ಟು ಕಡಮೆ ತಿಂದರೂ ಏಕೆ ಇಳಿಯುತ್ತಿಲ್ಲ? ಇದಕ್ಕಿಂತಲೂ ಕಡಮೆ ಮಾಡಲೇ?”

ತಕ್ಷಣ ತಕ್ಕ ಉತ್ತರ ತೋಚಲಿಲ್ಲ. ಸಂಜೆ ಕೆರೆಯ ಏರಿಯ ಕಡೆಗೆ ನಡೆದು ಹೋದೆವು. ಅಲ್ಲಿ ಮೇಕೆ ಕಾಯುತ್ತಿದ್ದ ವೃದ್ಧನೊಬ್ಬನ ಪರಿಚಯವಾಯಿತು. ಅವನ ಹಿರಿಯರು ನೀರಗಂಟಿಗಳು. ಊರ ಕೆರೆಯ ತೂಬನ್ನು ಎತ್ತಿ ಇಳಿಸಿ, ಗದ್ದೆಗದ್ದೆಗೂ ಸರದಿಯಂತೆ ನೀರು ಹಂಚುತ್ತಿದ್ದವರು. ಕೊಳವೆಬಾವಿಗಳು ಬಂದ ಮೇಲೆ ಆ ವೃತ್ತಿ ಅಳಿದುಹೋಗಿದೆ. ಬರಗಾಲದಲ್ಲಿ ಹೇಗೆ ಮಾಡುತ್ತಿದ್ದಿರೆಂದು ಕೇಳಿದೆವು.

“ಕೆರೆ ತುಂಬಿದ ವರ್ಷ ತೂಬು ಪೂರಾ ಎತ್ತೋದು, ಸ್ವಾಮಿ. ಮಳೆ ಕೈಕೊಟ್ಟರೆ ಅರ್ಧ ಗೇಣು. ಪೈರು ಬಾಡಿದರೂ ಸರಿ, ಕೆರೇಲಿ ನೀರು ಉಳೀಬೇಕು. ದನ ಕರ ಬದುಕಬೇಕಲ್ಲ.”

“ಮತ್ತೆ ಮಳೆ ಬಂದೊಡನೆ ಎತ್ತಿಬಿಡುತ್ತಿದ್ದಿರೋ?”

“ಎಲ್ಲಾದರೂ ಉಂಟೇ! ಒಂದು ಮಳೆ ನಂಬಿಕೊಂಡು ತೂಬು ಎತ್ತೋನು ನೀರಗಂಟಿಯೇ ಅಲ್ಲ. ಕೆರೆ ತುಂಬೋ ತನಕ ಅದು ಬಿಗಿಯಾಗೇ ಇರಬೇಕು.”

ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಮಗೆ ಅನ್ನಿಸಿತು. ರಾತ್ರಿ ಒಲೆಯ ಮುಂದೆ ಕುಳಿತು ಅವಳಿಗೆ ತಿಳಿದಷ್ಟನ್ನು ಹೇಳಿದೆವು.

ಮೊದಲ ಕೆಲವು ದಿನಗಳಲ್ಲಿ ಭರದಿಂದ ಇಳಿಯುವ ತೂಕದಲ್ಲಿ ಕೊಬ್ಬು ಸ್ವಲ್ಪವೇ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶರೀರವು ಪಿಷ್ಟದ ರೂಪದಲ್ಲಿ ಒಂದಿಷ್ಟು ಸಕ್ಕರೆಯನ್ನು ಕೂಡಿಟ್ಟಿರುತ್ತದೆ. ಅದರ ಪ್ರತಿಯೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಮು ನೀರು ಸೇರಿಕೊಂಡಿರುತ್ತದೆ. ಉಪವಾಸದಲ್ಲಿ ಮೊದಲು ಕರಗುವುದು ಈ ದಾಸ್ತಾನು. ಅದರ ಜೊತೆಗೆ ನೀರೂ ಹೋಗುತ್ತದೆ. ತಕ್ಕಡಿ ಹಿಗ್ಗಿಸುತ್ತದೆ; ಎರಡು ದಿನ ಊಟ ಮಾಡಿದರೆ ಹೋದದ್ದು ಬಂದು ಸೇರುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಅದು ಒಂದೆರಡು ದಿನಗಳಲ್ಲಿ ಕರಗುವ ವಸ್ತುವಲ್ಲ. ಇನ್ನೂ ಹಟ ಹಿಡಿದರೆ ಶರೀರವು ಸ್ನಾಯುವನ್ನೇ ಕರಗಿಸಿ ಕಾಲ ಹಾಕುತ್ತದೆ.

ಆಮೇಲೆ ನೀರಗಂಟಿಯ ಕೆಲಸ. ನೀನು ಚೆಲುವಿಗಾಗಿ ಹಸಿದಿರುವೆಯೋ ಬರಗಾಲ ಬಂದಿದೆಯೋ ಎಂಬುದು ಶರೀರಕ್ಕೆ ತಿಳಿಯದು. ಅದು ತೂಬನ್ನು ಇಳಿಸುತ್ತದೆ, ವೆಚ್ಚವನ್ನು ಬಿಗಿಹಿಡಿಯುತ್ತದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು ಸ್ವಯಂಪ್ರೇರಿತರಾಗಿ ಬಂದ 36 ಮಂದಿ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಅವರ ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ನಾಡಿ ನಿಧಾನವಾಯಿತು, ಮೈ ತಣ್ಣಗಾಯಿತು, ಹಗಲಿರುಳೂ ಅನ್ನದ ಧ್ಯಾನವೇ ಆಯಿತು. ಮತ್ತೆ ಹೊಟ್ಟೆ ತುಂಬ ಬಡಿಸಿದಾಗಲೂ ಅವರ ಹಸಿವು ಬಹುಕಾಲ ತಣಿಯಲಿಲ್ಲ. ಅದೇ ದೇಶದ ದೂರದರ್ಶನದಲ್ಲಿ ತೂಕ ಇಳಿಸುವ ಪಂದ್ಯವೊಂದು ನಡೆಯುತ್ತಿದ್ದಿತು. ಅದರಲ್ಲಿ ಸ್ಪರ್ಧಿಸಿದ್ದ 14 ಮಂದಿಯನ್ನು ಆರು ವರ್ಷಗಳ ತರುವಾಯ ಪರೀಕ್ಷಿಸಿದ ವರದಿಯು 2016ರಲ್ಲಿ ಪ್ರಕಟವಾಯಿತು. ಇಳಿದ ತೂಕದ ಬಹುಭಾಗವು ಮರಳಿ ಬಂದಿದ್ದರೂ, ಅವರ ಶರೀರಗಳು ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಮೆಯನ್ನೇ ವೆಚ್ಚಮಾಡುತ್ತಿದ್ದವು. ನೀರಗಂಟಿಗೆ ಮೊದಲ ಮಳೆಯಲ್ಲಿ ನಂಬಿಕೆಯಿಲ್ಲವೆಂಬುದು ಇದೇ.

“ಹಾಗಾದರೆ ಆ ಚುಚ್ಚುಮದ್ದು?” ಎಂದು ಹುಡುಗಿ ಕೇಳಿದಳು. ವೈದ್ಯರು ರೋಗವನ್ನು ನೋಡಿ ಕೊಡುವ ಸೆಮಾಗ್ಲುಟೈಡ್ ಮೊದಲಾದ ಔಷಧಗಳಿಂದ ಗುಣವುಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿತೆಂದು 2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತಿಳಿಸುತ್ತದೆ. ಅದು ಒಂದು ಮದುವೆಯ ಮುಹೂರ್ತಕ್ಕೆಂದು ಎರಡು ತಿಂಗಳು ಹಿಡಿದು ಬಿಡುವ ವ್ರತವಲ್ಲ.

ಅಷ್ಟರಲ್ಲಿ ನಮ್ಮ ಭಾವನವರು, “ಇದಕ್ಕೆಲ್ಲ ಮುದ್ದೆಯೇ ಮದ್ದು, ನಮ್ಮ ತಾತ ಮೂರು ಮುದ್ದೆ ಉಂಡೂ ಕಡ್ಡಿಯಂತಿದ್ದ” ಎಂದರು. ಆ ಮಾತನ್ನೂ ನಾವು ಸುಮ್ಮನೆ ಒಪ್ಪಲಿಲ್ಲ. ನೂರು ಗ್ರಾಮು ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 356, ಭೇದವು ಅಲ್ಪವೇ. ರಾಗಿಯಲ್ಲಿ ನಾರು ಅಕ್ಕಿಯದಕ್ಕಿಂತ ಸುಮಾರು ನಾಲ್ಕರಷ್ಟಿರುವುದರಿಂದ ಹೊಟ್ಟೆ ಬಹಳ ಹೊತ್ತು ತುಂಬಿರುತ್ತದೆ, ಸುಣ್ಣದ ಸತ್ತ್ವವೂ ಹೇರಳ. ಅದು ಅದರ ಹಿರಿಮೆ. ತಾತನನ್ನು ಕಡ್ಡಿಯಂತಿರಿಸಿದ್ದು ನೇಗಿಲು, ಏತ, ಒಕ್ಕಣೆ. ಈಗ ದುಡಿಮೆಯು ಯಂತ್ರಕ್ಕೆ ಹೋಗಿದೆ, ಮುದ್ದೆಯು ತಾತನ ಅಳತೆಯಲ್ಲಿಯೇ ಉಳಿದಿದೆ. ಭಾವನವರಿಗೇ ಸಕ್ಕರೆ ಕಾಯಿಲೆ ಬಂದು ಆರು ವರ್ಷಗಳಾದುವು. ಅವರು ನಕ್ಕು, ಎರಡನೆಯ ಮುದ್ದೆಗೆ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡರು.

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಶರೀರವು ಅದನ್ನು ಬರಗಾಲವೆಂದು ಅಷ್ಟಾಗಿ ಬೆದರದು. ಒಂದು ಮುದ್ದೆ, ಅದಕ್ಕೆ ಮೂರರಷ್ಟು ಸೊಪ್ಪು ಕಾಯಿಪಲ್ಯ, ಕಾಳಿನ ಸಾರು. ಸಂಜೆಯ ಎಣ್ಣೆಯ ತಿಂಡಿಗೂ ಸಕ್ಕರೆಯ ಪಾನೀಯಕ್ಕೂ ರಜೆ. ದಿನವೂ ನಡಿಗೆ, ಮೈಮುರಿಯುವ ಒಂದಿಷ್ಟು ಕೆಲಸ, ತುಂಬು ನಿದ್ರೆ. ಇದರಲ್ಲಿ ಹೊಸದೇನೂ ಇಲ್ಲ. ಹಲಗೆಯ ಮೇಲೆ ಬರೆಸುವಂಥದೂ ಅಲ್ಲ. ಆದರೆ ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ನಡೆಸಿಕೊಂಡು ಹೋಗಬಲ್ಲದ್ದು ಮಾತ್ರವೇ ಮೈಯಲ್ಲಿ ನಿಲ್ಲುತ್ತದೆ. ಆತುರದ ಉಪವಾಸದಿಂದ ಕೂದಲು ಉದುರುವುದೂ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, “ಅದೆಲ್ಲ ಸರಿ ಮಾವ. ಆದರೆ ರವಿಕೆ ಆಗದಿದ್ದರೆ?” ಎಂದಳು. ಕಣ್ಣಿನಲ್ಲಿ ನೀರು ಆಡಿತು. ಗಂಡಿನ ಕಡೆಯವರಲ್ಲಿ ಯಾರೋ ನಿಶ್ಚಿತಾರ್ಥದ ದಿನ ಅವಳ ಮೈಯ ಬಗೆಗೆ ಒಂದು ಮಾತು ಆಡಿದ್ದರೆಂಬುದು ನಮಗೆ ಆಗಲೇ ತಿಳಿದದ್ದು. ನಾವು ಹೇಳಿದ ಅಂಕಿಗಳಲ್ಲಿ ಯಾವುದೂ ಆ ಮಾತಿಗೆ ಉತ್ತರವಾಗಿರಲಿಲ್ಲ.

ಮೂಲೆಯಲ್ಲಿ ಹಿದುಕಿದ ಅವರೆಯ ಸಿಪ್ಪೆಯನ್ನು ಬಾಚುತ್ತಿದ್ದ ಅಜ್ಜಿ ಆಗ ಬಾಯಿಬಿಟ್ಟರು: “ರವಿಕೆಯನ್ನು ಮೈಗೆ ಹೊಲೀತಾರೆ ಮಗು, ಮೈಯನ್ನು ರವಿಕೆಗೆ ಹೊಲಿಯೋದುಂಟೆ? ಒಳಗೆ ಬಟ್ಟೆ ಬಿಟ್ಟಿರ್ತಾನೆ. ಬಿಚ್ಚಿಸಿದರಾಯಿತು.”

ಮರುದಿನ ಬೆಳಗ್ಗೆ ನಾವು ಹೊರಡುವಾಗ ಹುಡುಗಿ ಒಂದು ಮುದ್ದೆಯನ್ನೂ ಒಂದು ಬಟ್ಟಲು ಅವರೆಕಾಳಿನ ಸಾರನ್ನೂ ಮುಂದಿಟ್ಟುಕೊಂಡು ಕುಳಿತಿದ್ದಳು. ಪೂರ್ತಿ ಉಂಡಳೋ ಇಲ್ಲವೋ ನೋಡಲಿಲ್ಲ, ಬಸ್ಸಿಗೆ ಹೊತ್ತಾಗಿದ್ದಿತು. ಕೈಚೀಲದಲ್ಲಿ ಮಾತ್ರ ತಂಗಿ ಕಾಗದದಲ್ಲಿ ಸುತ್ತಿಕೊಟ್ಟ ರವಿಕೆಯೊಂದಿದ್ದಿತು. ಕಾಡುಗೋಡಿಯ ದರ್ಜಿಯ ಕೈಗೆ ಅದನ್ನು ಮುಟ್ಟಿಸುವ ಕೆಲಸ ನಮ್ಮದಾಗಿದ್ದಿತು. ಹಲಗೆಗಳನ್ನು ಓದದೆ, ಅದನ್ನು ಮಡಿಲಿನಲ್ಲಿಟ್ಟುಕೊಂಡು ದಾರಿ ಸಾಗಿಸಿದೆವು.