ಭತ್ತದ ಊರಿನಲ್ಲಿ ಹೂಕೋಸು

ನಮ್ಮ ಅಕ್ಕನನ್ನು ಕೊಟ್ಟಿರುವುದು ಹನುಮನಹಳ್ಳಿಗೆ. ಗಂಗಾವತಿಯ ಸೀಮೆ, ಆನೆಗೊಂದಿಯೂ ಅಂಜನಾದ್ರಿಯೂ ಹತ್ತಿರ. ಒಂದು ಕಡೆ ಬಂಡೆಗಳ ಬೆಟ್ಟ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಭತ್ತದ ಗದ್ದೆ. ಸೋನಾಮಸೂರಿ ಬೆಳೆದು ಊರೂರಿಗೆ ಉಣ್ಣಿಸುವ ಈ ನೆಲದಲ್ಲಿ ನಮ್ಮ ಭಾವನವರಿಗೆ ಸಕ್ಕರೆ ಕಾಯಿಲೆ ಬಂತು. ವೈದ್ಯರು, “ಅನ್ನ ಕಡಿಮೆ ಮಾಡಿ” ಎಂದರು. ಮೀನಿಗೆ ನೀರು ಕಡಿಮೆ ಮಾಡು ಎಂದಂತಾಯಿತು.

ಉಪದೇಶಕ್ಕೆ ಪಟ್ಟಣದಲ್ಲಿ ನಾನಿದ್ದೆನಲ್ಲ! ಫೋನಿನಲ್ಲಿ ಅಕ್ಕನಿಗೆ ಲೆಕ್ಕ ಒಪ್ಪಿಸಿದೆ. 100 ಗ್ರಾಂ ಅನ್ನದಲ್ಲಿ ಶರ್ಕರಪಿಷ್ಟ ಸುಮಾರು 28 ಗ್ರಾಂ. ಅಷ್ಟೇ ತೂಕದ ಹೂಕೋಸಿನಲ್ಲಿ ಸುಮಾರು 5 ಗ್ರಾಂ. ಆಲೂಗಡ್ಡೆಯ ಪಲ್ಯಕ್ಕೆ ಬದಲು ನವಿಲುಕೋಸು ಮಾಡು. ಹೂಕೋಸನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಅಗಲವಾದ ಬಾಣಲೆಯಲ್ಲಿ ಮುಚ್ಚದೆ ಹುರಿ. ಉಪ್ಪು ಕೊನೆಗೆ ಹಾಕು. ಮೊದಲೇ ಹಾಕಿದರೆ ನೀರು ಬಿಟ್ಟು ಮುದ್ದೆಯಾಗುತ್ತದೆ.

ಅಕ್ಕ ಯಾವುದನ್ನೂ ಅರ್ಧ ಮಾಡುವವಳಲ್ಲ. ಮರುದಿನದಿಂದಲೇ ಅನ್ನವೂ ಹೋಯಿತು, ರೊಟ್ಟಿಯೂ ಹೋಯಿತು. ಮಾತ್ರೆ ಮಾತ್ರ ಹಳೆಯ ಪ್ರಮಾಣದಲ್ಲೇ ಉಳಿಯಿತು. ನಾಲ್ಕನೆಯ ದಿನ ಸಂಜೆ ಭಾವನವರು ಗದ್ದೆಯ ಬದುವಿನ ಮೇಲೆ ಬೆವತು, ಕೈ ನಡುಗಿ ಕುಸಿದು ಕುಳಿತರು. ಪಕ್ಕದ ಗದ್ದೆಯವರು ಸಕ್ಕರೆ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು ಹೊಟ್ಟೆಗೆ ಎಷ್ಟು ಬಿತ್ತೆಂದು ನೋಡದೆ ತಮ್ಮ ಕೆಲಸ ಮಾಡಿಬಿಡುತ್ತವೆಯಂತೆ. ಊಟ ಬದಲಿಸುವ ಮುನ್ನ ತಮ್ಮನ್ನೊಂದು ಮಾತು ಕೇಳಬೇಕಿತ್ತೆಂದು ವೈದ್ಯರು ಗದರಿ, ಮಾತ್ರೆಯನ್ನು ಇಳಿಸಿದರು. ಆ ಗದರಿಕೆ ಸಲ್ಲಬೇಕಾದದ್ದು ನನಗೆ.

ತಪ್ಪಿತಸ್ಥನಂತೆ ಊರಿಗೆ ಹೋದೆ. ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ತಟ್ಟೆಗಳಲ್ಲಿ ಹಬೆಯಾಡುವ ಅನ್ನ, ಭಾವನವರ ತಟ್ಟೆಯಲ್ಲಿ ಬಿಳಿಯ ಹೂಕೋಸಿನ ತುರಿ.

“ಅನ್ನ ಅಂತ ತಿಳಕೊಂಡು ಉಣ್ರೀ” ಎಂದಳು ಅಕ್ಕ.

“ನಲವತ್ತು ವರ್ಷ ಭತ್ತ ಬೆಳದೀನಿ. ಅನ್ನ ಯಾವುದಂತ ನನಗ ಗೊತ್ತಿಲ್ಲೇನು? ಹೂಕೋಸು ಅಂತ ಬಡಸು, ಉಣ್ತೀನಿ. ಆದರ ನೀವೆಲ್ಲಾ ಅದನ್ನ ಉಂಡು, ನನಗೊಬ್ಬಗ ಇದನ್ನ ಹಾಕಿದ್ರ ಇದು ಊಟ ಅಲ್ಲ, ಔಷಧ.”

ಅಕ್ಕ ಮಾತಾಡಲಿಲ್ಲ. ನಾನೂ ತಲೆ ತಗ್ಗಿಸಿ ಉಂಡೆ. ಗ್ರಾಮುಗಳ ಲೆಕ್ಕದಲ್ಲಿ ನನಗೆ ಈ ಲೆಕ್ಕ ತಪ್ಪಿಹೋಗಿತ್ತು.

ಮರುದಿನ ಅಕ್ಕ ಅದೇ ಹೂಕೋಸಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಮೇಲೆ ಗುರೆಳ್ಳು ಪುಡಿ ಉದುರಿಸಿ, ಪಲ್ಯವೆಂದೇ ಬಡಿಸಿದಳು, ಎಲ್ಲರ ತಟ್ಟೆಗೂ. ಜೊತೆಗೆ ಎಳೆಯ ಮೆಂತ್ಯಸೊಪ್ಪು, ಸೌತೆಕಾಯಿ, ಹೆಸರುಕಾಳು. ಕೊನೆಯಲ್ಲಿ ವೈದ್ಯರು ಒಪ್ಪಿದ ಒಂದು ಸಣ್ಣ ಸೌಟು ಅನ್ನ, ಮಜ್ಜಿಗೆಗೆ. ಇಷ್ಟು ದಿನ ಅನ್ನದ ಬದಿಗೆ ಪಲ್ಯವಿತ್ತು. ಈಗ ಪಲ್ಯದ ಬದಿಗೆ ಅನ್ನ.

ತಟ್ಟೆಯ ಅಂಚಿನಲ್ಲಿ ಒಂದು ಅಗುಳು ಉಳಿದಿತ್ತು. ಭಾವನವರು ಅದನ್ನು ಬೆರಳ ತುದಿಯಲ್ಲಿ ಎತ್ತಿ ಒಂದು ಗಳಿಗೆ ನೋಡಿ, ಬಾಯಿಗೆ ಹಾಕಿಕೊಂಡರು. ಅವರದೇ ಗದ್ದೆಯದಲ್ಲವೆ!