ಅಂಜುನಾ ಸಂತೆಯಿಂದ ಮುಂಡಗೋಡದ ಬಯಲಿಗೆ

ಫೆಬ್ರವರಿ ತಿಂಗಳ ಬುಧವಾರ, ಗೋವಾದ ಅಂಜುನಾ ಸಂತೆ. ಹನ್ನೊಂದು ಗಂಟೆಗೇ ಮರಳು ಕಾದಿದೆ. ಒಂದು ಕಡೆ ಕಾಶ್ಮೀರದವರ ಶಾಲುಗಳು ಗಾಳಿಗೆ ಹಾರುತ್ತಿವೆ. ಇನ್ನೊಂದು ಕಡೆ ಕನ್ನಡಿ ಕೂರಿಸಿದ ಚೀಲಗಳನ್ನು ಹರವಿಕೊಂಡು ಲಂಬಾಣಿ ಹೆಂಗಸರು ಕೂತಿದ್ದಾರೆ. ಇವರ ನಡುವೆ ಒಂದು ಮೇಜು. ಅದರ ಮೇಲೆ ಹವಳದ ಸರ, ನೀಲಿ ಕಲ್ಲಿನ ಬೆಳ್ಳಿ ಉಂಗುರಗಳು, ಕೋಲಿನಿಂದ ಅಂಚು ಸವರಿದರೆ ಗುಂಯ್‌ಗುಡುವ ಕಂಚಿನ ಬಟ್ಟಲುಗಳು. ಮೇಜಿನ ಹಿಂದಿರುವ ಟಿಬೆಟಿಯನ್ ಹೆಂಗಸು ಐನೂರರ ನೋಟು ಹಿಡಿದು ಪಕ್ಕಕ್ಕೆ ವಾಲುತ್ತಾರೆ.

“ಅಕ್ಕಾರ, ಚಿಲ್ಲರ ಅದಾವೇನ್ರಿ?”

“ಅದಾವ, ತಗೋರಿ,” ಎನ್ನುತ್ತಾ ಲಂಬಾಣಿ ಅಕ್ಕ ಸೊಂಟದ ಚೀಲ ಬಿಚ್ಚುತ್ತಾಳೆ.

ನೀವು ಅಲ್ಲೇ ನಿಲ್ಲುತ್ತೀರಿ. ಅರಬ್ಬೀ ಸಮುದ್ರದ ದಂಡೆಯಲ್ಲಿ, ಕೊಂಕಣಿ ಮಾತಿನ ನಾಡಿನಲ್ಲಿ, ಹಿಮಾಲಯದಾಚೆಯ ಮನೆತನದ ಈ ಹೆಂಗಸಿನ ಬಾಯಲ್ಲಿ ಕನ್ನಡ. ಕೇಳಿದರೆ ಉತ್ತರ ನೇರವಾಗಿದೆ: “ಮುಂಡಗೋಡ ಕ್ಯಾಂಪಿನವ್ರು ನಾವು. ಲೋಸರ್ ಹಬ್ಬಕ್ಕ ಊರಿಗೆ ಹೊಂಟೀವಿ.” ಲೋಸರ್ ಎಂದರೆ ಟಿಬೆಟಿಯನ್ನರ ಹೊಸ ವರ್ಷ, ಊರು ಎಂದರೆ ಉತ್ತರ ಕನ್ನಡದ ಮುಂಡಗೋಡ.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಣ್ಣದ ಬಾವುಟಗಳ ಸಾಲನ್ನು ಎತ್ತಿ ಇದು ಚೀನಾದ್ದೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಆಕೆ ಬೇಸರಿಸುವುದಿಲ್ಲ. ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ ಎಂದು ಒಂದೊಂದೇ ಬಣ್ಣ ಮುಟ್ಟಿ ತೋರಿಸುತ್ತಾರೆ. ಟಿಬೆಟ್ ಎಲ್ಲಿದೆ, ತನ್ನವರು ಯಾಕೆ ಅದನ್ನು ಬಿಟ್ಟು ಬಂದರು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಹೇಳುತ್ತಾರೆ. ಮೇಜಿನ ಮೂಲೆಯಲ್ಲಿ ದಲೈ ಲಾಮಾ ಅವರ ಚಿಕ್ಕ ಫೋಟೋ ಇದೆ. ಟಿಬೆಟಿನೊಳಗೆ ಆ ಫೋಟೋ ಇಟ್ಟುಕೊಂಡರೆ ಪೊಲೀಸರು ಬರುತ್ತಾರೆ. ಇಲ್ಲಿ ಅದು ಬಿಸಿಲಿಗೆ ಮಾಸುತ್ತಾ ಎಲ್ಲರಿಗೂ ಕಾಣುವಂತೆ ನಿಂತಿದೆ. ವ್ಯಾಪಾರ ಕುದುರುವುದಿಲ್ಲ. ಆದರೆ ಕೇಳಿದವರು ಒಂದು ದೇಶದ ಸುದ್ದಿ ತಿಳಿದುಕೊಂಡು ಹೋಗುತ್ತಾರೆ.

ಅಂಜುನಾದಿಂದ ದಕ್ಷಿಣಕ್ಕೆ, ಮಾಂಡೋವಿ ದಾಟಿ ಹಳೇ ಗೋವಾಕ್ಕೆ ಬನ್ನಿ. ಜೆಸ್ವಿತರ ಸೇಂಟ್ ಪಾಲ್ ಕಾಲೇಜಿನದು ಈಗ ಒಂದು ಕಮಾನು ಮಾತ್ರ ಉಳಿದಿದೆ. ಟಿಬೆಟಿನ ಸುದ್ದಿಗೂ ಈ ಗೋವಾಕ್ಕೂ ನಾಲ್ಕು ಶತಮಾನಗಳ ನಂಟು. ಅಂತೋನಿಯೋ ದೆ ಆಂದ್ರಾದೆ ಎಂಬ ಪೋರ್ಚುಗೀಸ್ ಜೆಸ್ವಿತ್ ಪಾದ್ರಿ 1624ರಲ್ಲಿ ಆಗ್ರಾದಿಂದ ಹೊರಟು, ಬದರಿಯ ಮೇಲಿನ ಮಾಣಾ ಕಣಿವೆಯ ಹಿಮ ದಾಟಿ, ಟಿಬೆಟಿನ ಗುಗೆ ರಾಜ್ಯದ ತ್ಸಪರಾಂಗ್ ತಲುಪಿದ. ಅವನು ಬರೆದ ಪತ್ರ 1626ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಕಣ್ಣಾರೆ ಕಂಡವನ ಟಿಬೆಟ್ ವರದಿ ಯುರೋಪಿನವರಿಗೆ ವಿಸ್ತಾರವಾಗಿ ಸಿಕ್ಕಿದ್ದು ಅದರಿಂದ. ಆಮೇಲೆ ಗೋವಾದಲ್ಲೇ ಜೆಸ್ವಿತರ ಮುಖ್ಯಸ್ಥನಾಗಿದ್ದು, 1634ರಲ್ಲಿ ವಿಷಪ್ರಾಶನದಿಂದ ಇಲ್ಲೇ ಸತ್ತ. ಧೈರ್ಯವಂತ, ಅನುಮಾನವಿಲ್ಲ. ಆದರೆ ಅವನು ಹೋದದ್ದು ಮತಾಂತರಕ್ಕೆ, ನೋಡಿದ್ದೂ ಆ ಕಣ್ಣಿನಿಂದಲೇ.

ಟಿಬೆಟಿಯನ್ ಭಾಷೆಯಲ್ಲಿ, ಟಿಬೆಟಿಯನ್ ಓದುಗರಿಗಾಗಿ ಬಾಳಿ ಬದುಕಿದ ಪತ್ರಿಕೆ ಹುಟ್ಟಲು 1925 ಬರಬೇಕಾಯಿತು. ಅದೂ ಭಾರತದ ನೆಲದಲ್ಲಿ, ಕಾಲಿಂಪಾಂಗಿನಲ್ಲಿ. ಕಿನ್ನೌರದ ಪೂ ಗ್ರಾಮದಲ್ಲಿ ಹುಟ್ಟಿದ ದೋರ್ಜೆ ಥಾರ್ಚಿನ್ ‘ಟಿಬೆಟ್ ಮಿರರ್’ ಹೊರಡಿಸಿದರು. ಟಿಬೆಟಿಯನ್ನರಿಗೆ ಅದು ‘ಮೆಲೋಂಗ್’. ಮೊದಲ ಸಂಚಿಕೆಯದು 50 ಪ್ರತಿ. ಉಣ್ಣೆ ಹೇರಿಕೊಂಡು ಲಾಸಾದಿಂದ ಬಂದ ಹೇಸರಗತ್ತೆಗಳ ಹಾದಿಯಲ್ಲೇ ಪತ್ರಿಕೆ ಹಿಂದಿರುಗಿ ಹೋಗುತ್ತಿತ್ತು. ಉಣ್ಣೆಯ ಧಾರಣೆ, ಲೋಕದ ಯುದ್ಧಗಳು, ಗಾಂಧೀಜಿಯ ಸುದ್ದಿ ಎಲ್ಲವೂ ಅದರಲ್ಲಿದ್ದವು. 13ನೇ ದಲೈ ಲಾಮಾ ಅದರ ಓದುಗರು. 1950ರಲ್ಲಿ ಚೀನೀ ಸೇನೆ ಟಿಬೆಟಿಗೆ ನುಗ್ಗಿದ ಮೇಲೆ ಥಾರ್ಚಿನ್ ಆ ಆಕ್ರಮಣದ ವಿರುದ್ಧ ಬರೆಯುವುದನ್ನು ನಿಲ್ಲಿಸಲಿಲ್ಲ. ಪತ್ರಿಕೆ 1963ರವರೆಗೆ ನಡೆಯಿತು. ಕನ್ನಡದ ಪತ್ರಿಕೋದ್ಯಮ ತರಗತಿಗಳಲ್ಲಿ ಈ ಮನುಷ್ಯನ ಹೆಸರು ಕೇಳಿಬರಬೇಕು.

ಈಗ ಕಾರವಾರ, ಅಂಕೋಲಾ ಹಾದು ಅರಬೈಲು ಘಟ್ಟ ಹತ್ತಿ. ಯಲ್ಲಾಪುರದಿಂದ ಮುಂಡಗೋಡದ ಕಡೆ ಕಾಡು ತೆಳುವಾಗುತ್ತಾ ಗದ್ದೆ, ಗೋವಿನಜೋಳದ ಹೊಲಗಳು ಶುರುವಾಗುತ್ತವೆ. 1966ರಲ್ಲಿ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, ಇಲ್ಲಿ ಸುಮಾರು 4,000 ಎಕರೆ ನಿರಾಶ್ರಿತರ ಪಾಲಿಗೆ ಬಂತು. ಬಂಗಾಳದ ಬಕ್ಸಾದ ಹಳೆಯ ಸೆರೆಮನೆ ಶಿಬಿರದಲ್ಲಿ ಕ್ಷಯದಿಂದ ನರಳಿ ಉಳಿದ ಗಂದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳು ಆಮೇಲೆ ಬಂದು, ಹೊಲ ಉಳುತ್ತಲೇ ತರ್ಕಶಾಸ್ತ್ರದ ಪಾಠ ಮುಂದುವರಿಸಿದರು.

ಕ್ಯಾಂಪಿನ ಬಯಲಲ್ಲಿ ಬಿಳಿ ಚಪ್ಪರ ಎದ್ದಿದೆ. ಅಂಚಿಗೆ ಜಾಗ ಮಾಡಿಕೊಂಡು ಕೂರಿ. ಒಂದು ನಗಾರಿ, ಒಂದು ಜೋಡಿ ತಾಳ, ಇಷ್ಟೇ ವಾದ್ಯ. ನೀಲಿ ಮುಖವಾಡದ ಬೇಟೆಗಾರರು ಸುತ್ತು ತಿರುಗುತ್ತಾ ರಂಗಭೂಮಿಯನ್ನು ಶುದ್ಧಿ ಮಾಡುತ್ತಾರೆ. ಒಬ್ಬ ಉಸಿರು ಬಿಡದೆ ಕಥೆ ಹೇಳುತ್ತಾನೆ. ಪಾತ್ರಧಾರಿ ದನಿ ಎತ್ತಿದಾಗ ಉಳಿದವರು ಹಿಮ್ಮೇಳಕ್ಕೆ ನಿಲ್ಲುತ್ತಾರೆ. ಇದು ‘ಲ್ಹಾಮೋ’. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ರಾತ್ರಿಯ ಆಟ, ಇದು ಹಗಲಿನದು. ನದಿಗಳಿಗೆ ಕಬ್ಬಿಣದ ಸೇತುವೆ ಕಟ್ಟಿಸುತ್ತಿದ್ದ ಥಾಂಗ್‌ತೋಂಗ್ ಗ್ಯಾಲ್ಪೊ ಎಂಬ ಸಂತ ಇದನ್ನು ಶುರುಮಾಡಿದ ಎಂಬುದು ಪರಂಪರೆಯ ನಂಬಿಕೆ. ಪ್ರಸಂಗಗಳಲ್ಲಿ ಕೆಲವು ಜಾತಕ ಕಥೆಗಳು. ಎಲ್ಲವನ್ನೂ ದಾನ ಕೊಟ್ಟ ವಿಶ್ವಂತರ ಅಲ್ಲಿ ದ್ರಿಮೆ ಕುಂದೆನ್ ಆಗಿದ್ದಾನೆ. ಇಲ್ಲಿಂದ ಹಿಮಾಲಯ ದಾಟಿ ಹೋದ ಕಥೆ, ನಿರಾಶ್ರಿತರ ಜೊತೆ ಮರಳಿ ಬಂದು ಬನವಾಸಿಯ ನೆರೆಯಲ್ಲಿ ಹಾಡಿಸಿಕೊಳ್ಳುತ್ತಿದೆ.

ದಲೈ ಲಾಮಾ 1959ರ ಮಾರ್ಚ್ ಕೊನೆಗೆ ಗಡಿ ದಾಟಿ ಬಂದರು. ಅದೇ ವರ್ಷದ ಆಗಸ್ಟಿನಲ್ಲಿ, ಜನರಿಗಿನ್ನೂ ನೆಟ್ಟಗೆ ಸೂರಿಲ್ಲದಾಗ, ಹಾಡು ಕುಣಿತಗಳನ್ನು ಕಾಯಲು ಕಲಾಸಂಸ್ಥೆಯೊಂದು ಹುಟ್ಟಿತು. ಇವತ್ತು ಅದು ಧರ್ಮಶಾಲೆಯಲ್ಲಿದೆ. ಅಲ್ಲಿನ ಶೋಟನ್ ಎಂಬ ಲ್ಹಾಮೋ ಉತ್ಸವಕ್ಕೆ ಮುಂಡಗೋಡ, ಬೈಲಕುಪ್ಪೆ ಕ್ಯಾಂಪುಗಳ ಮೇಳಗಳೂ ಹೋಗಿ ಆಡಿ ಬಂದಿವೆ. ಊರು ಕಳೆದುಕೊಂಡವರು ಮೊದಲು ಉಳಿಸಿಕೊಳ್ಳಲು ಹೊರಟವುಗಳಲ್ಲಿ ಆಟವೂ ಇತ್ತು ಎಂಬುದು ನನ್ನನ್ನು ಆಳವಾಗಿ ತಟ್ಟಿದ ಸಂಗತಿ.

ಆಟ ಕಣ್ಣೆದುರು ನಡೆಯುತ್ತದೆ. ಸುದ್ದಿ ಹಾಗಲ್ಲ, ಅದು ಜೀವ ಕೇಳುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುನ್ನ ಧೋಂದುಪ್ ವಾಂಗ್ಚೆನ್ ಎಂಬ ಟಿಬೆಟಿಯನ್ ಚಿತ್ರ ನಿರ್ಮಾಪಕ ಟಿಬೆಟಿನೊಳಗೆ ಅಲೆದು, ನೂರಕ್ಕೂ ಹೆಚ್ಚು ಸಾಮಾನ್ಯರನ್ನು ಕ್ಯಾಮೆರಾ ಮುಂದೆ ಮಾತಾಡಿಸಿದರು. ಚಿತ್ರ ಹೊರದೇಶ ಸೇರಿತು. ಅವರಿಗೆ ಆರು ವರ್ಷ ಜೈಲಾಯಿತು. 2009ರಿಂದ ಈಚೆಗೆ 150ಕ್ಕೂ ಹೆಚ್ಚು ಟಿಬೆಟಿಯನ್ನರು ಮೈಗೆ ಬೆಂಕಿ ಹಚ್ಚಿಕೊಂಡು ಪ್ರತಿಭಟಿಸಿದ್ದಾರೆ. ಆ ಸುದ್ದಿಗಳು ಅನೇಕ ಸಲ ಹೊರಬಂದದ್ದು ಭಾರತದಲ್ಲಿರುವ ಭಿಕ್ಷುಗಳಿಗೆ ಬಂದ ಅವಸರದ ಫೋನ್ ಕರೆಗಳಿಂದ. ಮುದುಕರು ಕಿವಿಗೆ ಹಚ್ಚಿಕೊಳ್ಳುತ್ತಿದ್ದ ರೇಡಿಯೊ ಕೂಡ ಈಗ ಗಟ್ಟಿಯಾಗಿಲ್ಲ. ವಾಯ್ಸ್ ಆಫ್ ಅಮೆರಿಕ, ರೇಡಿಯೊ ಫ್ರೀ ಏಷ್ಯಾಗಳ ಟಿಬೆಟಿಯನ್ ಸೇವೆಗಳಿಗೆ 2025ರ ಮಾರ್ಚಿನಲ್ಲಿ ಅಮೆರಿಕದ ಸರ್ಕಾರವೇ ಪೆಟ್ಟು ಕೊಟ್ಟಿತು.

ಹೀಗಿರುವಾಗ ಅಕ್ಕಪಕ್ಕದವರಾದ ನಾವೇನು ಮಾಡುತ್ತಿದ್ದೇವೆ? 2005ರ ಏಪ್ರಿಲಿನಲ್ಲಿ ಚೀನಾದ ಪ್ರಧಾನಿ ಬೆಂಗಳೂರಿಗೆ ಬಂದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರದ ಮೇಲೆ ನಿಂತು ಟಿಬೆಟಿನ ಸ್ವಾತಂತ್ರ್ಯಕ್ಕೆ ಕೂಗಿದವರು ತೆನ್‌ಜಿನ್ ತ್ಸುಂದೂ. ಅವರು ಕವಿ, ಲೇಖಕ. ಆ ದಿನದ ಫೋಟೋ ನಮಗೆ ಸುದ್ದಿಯಾಯಿತು, ಅವರ ಬರಹ ನಮ್ಮ ಮನೆಗಳಿಗೆ ಬರಲಿಲ್ಲ. ಚಿನ್ನದ ಬಣ್ಣದ ದೇವಾಲಯ, ಮೋಮೋ, ಕೆಂಪು ಬಟ್ಟೆಯ ಭಿಕ್ಷುಗಳು, ನಮ್ಮ ಪುಟಗಳಲ್ಲಿ ಟಿಬೆಟಿಯನ್ನರೆಂದರೆ ಹೆಚ್ಚಾಗಿ ಇಷ್ಟೇ. ಅರವತ್ತು ವರ್ಷಗಳ ನೆರೆಹೊರೆಗೆ ಇದು ಸಾಲದು.

ಕ್ಯಾಂಪುಗಳಲ್ಲಿ ಹುಟ್ಟಿದ, ಕನ್ನಡ ಬಲ್ಲ ಹುಡುಗ ಹುಡುಗಿಯರು ಇದ್ದಾರೆ. ಶಿರಸಿ, ಹೊನ್ನಾವರದ ಯಕ್ಷಗಾನ ಸಂಘಟಕರೇ, ನಿಮ್ಮ ಒಂದು ಸಂಜೆಗೆ ಮುಂಡಗೋಡದ ಲ್ಹಾಮೋ ಮೇಳವನ್ನು ಕರೆಯಿರಿ. ಸಂಪಾದಕರೇ, ಮುಂದಿನ ಲೋಸರ್ ಹಬ್ಬದ ಬರಹವನ್ನೂ 1959ರ ಲಾಸಾ ಬಂಡಾಯವನ್ನು ನೆನೆಯುವ ಮಾರ್ಚ್ 10ರ ದಿನದ ವರದಿಯನ್ನೂ ಆ ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿ, ಅವರ ಹೆಸರು ಹಾಕಿ, ಸಂಭಾವನೆ ಕೊಟ್ಟು ಅಚ್ಚು ಹಾಕಿ.